ಮುಳ್ಳಿನ ಪಕ್ಕದ ಕುರ್ಚಿ

ಜೂನ್ 19, ಮಾಂಟ್ರಿಯಲ್

...ಅದಕ್ಕೇ ಹೇಳಿದ್ದು, ಗ್ರಾಮಫೋನ್ ರೆಕಾರ್ಡಿನ ಮುಂದೆ ಸಿಡಿ ಸಪ್ಪೆ ಅಂತ. ಗೆಳೆಯ ರೇಜಾನನ ಜೊತೆ ಮೂವತ್ತು ವರ್ಷದಿಂದ ಇದೇ ಜಗಳ. ನನಗಿದ್ದ ಸಾಕ್ಷಿ ನನ್ನ ಹೆಂಡತಿ ಗಿಲೆನ್ ಒಬ್ಬಳೇ. ಬೆನ್ನು ತಿರುಗಿಸಿ ಸ್ವೆಟರ್ ಹೆಣೆಯುತ್ತಾ "ಈಗ ರೆಕಾರ್ಡು" ಅಂದರೆ ಅದು ರೆಕಾರ್ಡೇ. ಅಂಥ ಕಿವಿಗೆ ಕಾಲೇಜಿನ ಇಂಗ್ಲಿಷಿನಲ್ಲಿ ಒಂದು ಮಾತಿತ್ತು, ಗೋಲ್ಡನ್ ಏನೋ, ಬಂಗಾರದ ಕಿವಿ ಅನ್ನೋ ಹಾಗೆ.

"ಸಾಕ್ಷಿ ಹೋಗಿ ವರ್ಷವಾಯ್ತಲ್ಲೋ ಮುದುಕಾ! ಅವಳ ಕುರ್ಚೀಲಿ ನೀನೇ ಕೂತು ಹೇಳು ನೋಡೋಣ" ಅಂದ ಇವತ್ತು ರೇಜಾನ್.

ಪ್ಲೇಯರಿನ ಪಕ್ಕದಲ್ಲೇ ಇರುವ ಅವಳ ಕುರ್ಚಿಯಲ್ಲಿ ಬೆನ್ನು ಮಾಡಿ ಕೂತೆ. ಅವನು ಒಮ್ಮೆ ಸಿಡಿ, ಒಮ್ಮೆ ರೆಕಾರ್ಡು ಹಾಕಿದ. ಸ್ಪೀಕರಿನ ದನಿಯಲ್ಲಿ ನನಗೆ ವ್ಯತ್ಯಾಸವೇ ತಿಳಿಯಲಿಲ್ಲ. ಆದರೆ ರೆಕಾರ್ಡು ಹಾಕಿದಾಗಲೆಲ್ಲ, ಕಿವಿಯ ಪಕ್ಕದಲ್ಲೇ, ಪ್ಲೇಯರಿನ ಮುಳ್ಳು ತಾನೇ ಸಣ್ಣಗೆ ಹಾಡುತ್ತಿತ್ತು. ಎಲ್ಲವನ್ನೂ ಸರಿಯಾಗಿ ಹೇಳಿದೆ.

"ಥೂ, ಗಂಡ ಹೆಂಡ್ತಿ ಇಬ್ಬರಿಗೂ ಒಂದೇ ಕಿವಿ!" ಅಂತ ಬೈದು ಹೋದ. ಮುಳ್ಳಿನ ಗುಟ್ಟು ನಾನು ಬಿಟ್ಟುಕೊಡಲಿಲ್ಲ.

ಕಳ್ಳಿ ಗಿಲೆನ್! ಅವಳು ಕೇಳಿ ಹೇಳುತ್ತಿದ್ದುದೂ ಈ ಮುಳ್ಳಿನ ಹಾಡನ್ನೇ. ನನ್ನನ್ನು ಗೆಲ್ಲಿಸಲೆಂದೇ ಇಷ್ಟು ವರ್ಷ ಸುಮ್ಮನಿದ್ದಳು. ರೆಕಾರ್ಡೇ ಮೇಲು, ಅದರಲ್ಲಿ ಈಗಲೂ ಅನುಮಾನವಿಲ್ಲ. ಸ್ಪೀಕರು ಆರಿಸಿ, ಮುಳ್ಳೊಂದನ್ನೇ ಹಾಡಲು ಬಿಟ್ಟು, ಅವಳ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಇಡೀ ಹಾಡು ಕೇಳುತ್ತಿದೆ, ಪಿಸುಮಾತಿನಷ್ಟು. ಕಿಟಕಿಯ ಬೆಳಕು ಹೋಗುತ್ತಿದೆ, ಅಕ್ಷರ ಕಾಣುತ್ತಿಲ್ಲ. ದೀಪ ಹಾಕಲು ಎದ್ದರೆ ಈ ದನಿ ಕೇಳಿಸುವುದಿಲ್ಲ.