ಕ್ಯಾಸೆಟ್ಟಿನಲ್ಲಿ ಹೇಳಿದ ಹೆಸರು

ಉಮ್ಲಾಝಿ, ಡರ್ಬನ್
೧೪ ಸೆಪ್ಟೆಂಬರ್ ೧೯೯೬

ಪ್ರೀತಿಯ ಸೋದರಮಾವನವರಿಗೆ,

ನಿಮ್ಮ ಝಿಬುಯಿಲೆಯ ನಮಸ್ಕಾರಗಳು. ಅತ್ತೆ ಹೇಗಿದ್ದಾರೆ? ನಿಮ್ಮ ಮಂಡಿ ನೋವು ಹೇಗಿದೆ? ನಾಲ್ಕು ತಿಂಗಳಿಂದ ಒಂದು ಸಾಲೂ ಬರೆಯದೆ ಕೂತವಳಿಗೆ ಇದನ್ನೆಲ್ಲ ಕೇಳುವ ಮುಖವಿಲ್ಲ. ಪುರುಸೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಭಯ ಇತ್ತು, ಮಾವ. ಈಗ ಹೋಗಿದೆ, ಅದಕ್ಕೇ ಬರೆಯುತ್ತಿದ್ದೇನೆ. ನೊಕ್ವಾಝಿ ಇದನ್ನು ಓದಿ ಹೇಳುವಾಗ ಅವಸರ ಮಾಡದಿರಲಿ. ಮೇಷ್ಟರ ಮಗಳಾದರೂ ಅರ್ಧ ವಾಕ್ಯ ನುಂಗುವ ಹುಡುಗಿ ಅವಳು.

ನನ್ನ ಕ್ಯಾಸೆಟ್ ಬಂತು. ಎಂಟು ಹಾಡು, ಹೊದಿಕೆಯ ಮೇಲೆ ನನ್ನ ಫೋಟೋ. ಅದರಲ್ಲಿ ನನಗಿಂತ ಗಿಟಾರೇ ಚೆನ್ನಾಗಿ ಕಾಣುತ್ತದೆ. ಏಳು ಹಾಡು ಮೇ ತಿಂಗಳಲ್ಲಿ ಎರಡೇ ದಿನದಲ್ಲಿ ಮುಗಿದಿದ್ದವು. ಎಂಟನೆಯದು ಜೀವ ಹಿಂಡಿತು. ಮನೆತನ ಹೇಳುವ ಭಾಗವನ್ನು ಅದೊಂದಕ್ಕೇ ಎತ್ತಿಟ್ಟಿದ್ದೆ.

ನಮ್ಮ ಹಾಡಿನ ಪದ್ಧತಿ ನನಗೆ ಕಲಿಸಿದವರೇ ನೀವು. ನಡುವೆ ರಾಗ ನಿಲ್ಲಿಸಿ, ನಾನು ಯಾರು, ಯಾರ ಮನೆಯವಳು, ಯಾವ ಹೊಳೆಯ ನೀರು ಕುಡಿದವಳು ಎಂದು ಒಂದೇ ಉಸಿರಿಗೆ ಹೇಳಲೇಬೇಕು. ಇಪ್ಪತ್ತು ವರ್ಷ ಮದುವೆ ಮನೆಗಳಲ್ಲಿ ನಿಮ್ಮ ಮಜಿಬುಕೊ ಮನೆತನದ ಹೆಸರನ್ನೇ ಹೇಳಿದೆ. ಅಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ, ಕ್ಯಾಸೆಟ್ಟಿನದು ಉಳಿಯುತ್ತದೆ. ರೆಕಾರ್ಡಿಂಗ್ ಮಾಡುವ ಗುಮೆಡೆ ಮೊದಲೇ ಅಂದಿದ್ದರು: "ಯೋಚ್ನೆ ಮಾಡಿ ಹೇಳು. ಆಮೇಲೆ ಅಳಿಸಿಕೊಡಿ ಅಂತ ನನ್ನ ಮುಂದೆ ಅಳಬೇಡ."

ಏಳನೆಯ ಹಾಡು ಮುಗಿದ ಸಂಜೆ ಮನೆಗೆ ಒಬ್ಬರು ಬಂದರು. ನನ್ನ ಅಪ್ಪನ ತಮ್ಮನಂತೆ, ಸಿಟೋಲೆ ಮನೆತನದವರು. ಅಪ್ಪನ ಮುಖವನ್ನೇ ಕಾಣದವಳಿಗೆ ಚಿಕ್ಕಪ್ಪ ಎಲ್ಲಿಂದ ಬಂದ ಎಂದು ಬಾಗಿಲಲ್ಲೇ ನಿಲ್ಲಿಸಿದೆ. ಅವರು ಟೋಪಿ ತೆಗೆದು ನನ್ನನ್ನೇ ನೋಡಿದರು. "ಅಣ್ಣನ ಹಣೆ ಹಾಗೇ ಇದೆ," ಅಂದರು. ಚಹಾ ಕುಡಿದ ಮೇಲೆ ಬಂದ ಕೆಲಸ ಹೇಳಿದರು.

"ನೀನು ಹಾಡಿದ್ದು ಕ್ಯಾಸೆಟ್ ಆಗ್ತದಂತೆ. ನಮ್ಮ ರಕ್ತದ ಮಗಳು ಇನ್ನೊಬ್ಬರ ಮನೆ ಹೆಸರು ಕೂಗ್ತಾ ಇದ್ರೆ ನಾವು ಇದ್ದೇನು ಬಂತಮ್ಮ? ಸಿಟೋಲೆ ಅನ್ನು. ಮೇಕೆ ಕೊಯ್ದು ತೀರಿಹೋದ ಹಿರಿಯರ ಮುಂದೆ ನಮ್ಮ ಮಗಳು ಅಂತ ನಿನ್ನನ್ನ ನಿಲ್ಲಿಸ್ತೀವಿ. ನಲವತ್ತು ವರ್ಷ ತಡ ಆಯ್ತು, ಆದ್ರೂ ಮಾಡ್ತೀವಿ."

ಹೇಳುತ್ತ ಹೇಳುತ್ತ ಅತ್ತುಬಿಟ್ಟರು. ನಾನು ಕರಗಿ ಆಗಲಿ ಅಂದೆ. ಅವರ ಮನೆತನವನ್ನು ಹೊಗಳುವ ಸಾಲುಗಳನ್ನು ಒಂದು ಕಾಗದದಲ್ಲಿ ಬರೆದುಕೊಂಡೆ. ಆಮೇಲೆ ನಿಮಗೆ ಯಾವ ಬಾಯಿಂದ ಹೇಳಲಿ? ಅವ್ವ ಸತ್ತಾಗ ಎರಡು ವರ್ಷದ ನನ್ನನ್ನು ಹೆಂಗಸರಂತೆ ಬೆನ್ನಿಗೆ ಕಟ್ಟಿಕೊಂಡು ಮೇಕೆ ಕಾಯ್ದವರು ನೀವು. ಜನ ನಕ್ಕರೆ "ಬೆನ್ನು ನಂದು, ನಿಮಗೇನು ಭಾರ?" ಅಂದವರು. ಗುಮೆಡೆ ಎರಡು ಸಲ ಕರೆಸಿದರು. ಎರಡು ಸಲವೂ ಗಂಟಲು ಕೆಟ್ಟಿದೆ ಎಂದೆ.

ಕೊನೆಗೆ ಆಗಸ್ಟಿನಲ್ಲಿ ಹೋದೆ. ಕಾಗದ ಹಿಡಿದು ಮೂರು ಸಲ ಹೇಳಿದೆ. ಮೂರು ಸಲವೂ ನಾಲಿಗೆ ತೊಡರಿತು. ಕಾನ್ಸರ್ಟಿನಾ ನುಡಿಸುವ ಫಾಕಾಡೆ ವಾದ್ಯ ಕೆಳಗಿಟ್ಟು, "ಅಕ್ಕಾ, ಹಿರಿಯರನ್ನ ಕರೀತಿದ್ದೀಯೋ, ಆಫೀಸಲ್ಲಿ ಹಾಜರಿ ಕೂಗ್ತಿದ್ದೀಯೋ?" ಅಂದ. ಎಲ್ಲರೂ ನಕ್ಕರು, ನನಗೂ ನಗು ಬಂತು. ಕಾಗದ ಮಡಿಸಿ ಜೇಬಿಗೆ ಹಾಕಿದೆ. ನಾಲ್ಕನೆಯ ಸಲ ಬಾಯಿಗೆ ಬಂದದ್ದು ಇದು: ನಾನು ಝಿಬುಯಿಲೆ, ಮಜಿಬುಕೊ ಮನೆಯವಳು, ಥುಕೇಲಾ ಹೊಳೆಯ ನೀರು ಕುಡಿದವಳು, ಎಣ್ಣೆ ಡಬ್ಬದ ಗಿಟಾರು ಬಾರಿಸುತ್ತ ಮೇಕೆ ಕಳೆದವಳು, ಏಟು ತಪ್ಪಿಸಿಕೊಂಡವಳು, ಸೋದರಮಾವನ ಬೆನ್ನೇ ತೊಟ್ಟಿಲಾದವಳು. ಎಲ್ಲಿಯೂ ತಡವರಿಸಲಿಲ್ಲ. ಗುಮೆಡೆ ಗಾಜಿನ ಆಚೆಯಿಂದ ಕೈ ಎತ್ತಿದರು, ಆಯಿತು ಎಂದು. ಅವತ್ತು ಮನೆಗೆ ಬಂದು ಒಂದು ದೊಡ್ಡ ಬಟ್ಟಲು ಹುಳಿ ಮೊಸರು ಕುಡಿದು ಹಾಯಾಗಿ ಮಲಗಿದೆ.

ಉಳಿದದ್ದು ಚಿಕ್ಕಪ್ಪನ ಭಯ. ಹೋದ ಭಾನುವಾರ ಕರೆಸಿ ಕ್ಯಾಸೆಟ್ ಹಾಕಿದೆ. ಆ ಜಾಗ ಬಂದಾಗ ಅವರು ನೆಲ ನೋಡಿದರು. ಹಾಡು ಮುಗಿದ ಮೇಲೆ, "ನಾನು ಬರೆಸಿದ್ದನ್ನ ಹೇಳಿದ್ರೆ ಇಷ್ಟು ಚೆನ್ನಾಗಿ ಬರ್ತಿರಲಿಲ್ಲ ಬಿಡು. ಮೇಕೆ ಎಲ್ಲೂ ಹೋಗಲ್ಲ, ದಪ್ಪ ಆಗ್ತಾ ಇರ್ತದೆ. ನಿನಗೆ ಮನಸ್ಸಾದಾಗ ಬಾ," ಅಂದರು. ಇನ್ನೊಮ್ಮೆ ಹಾಕು ಎಂದರು. ಎದೆಯ ಮೇಲಿನ ಕಲ್ಲು ಇಳಿಯಿತು, ಮಾವ.

ಬಸ್ಸಿನ ಡ್ರೈವರ್ ಕೈಯಲ್ಲಿ ಎರಡು ಕ್ಯಾಸೆಟ್, ನಾಲ್ಕು ಬ್ಯಾಟರಿ ಕಳಿಸಿದ್ದೇನೆ. ಬ್ಯಾಟರಿಯನ್ನು ಅತ್ತೆಯ ಟಾರ್ಚಿಗೆ ಹಾಕಿ ಮುಗಿಸಬೇಡಿ. ನಿಮ್ಮ ಮಂಡಿಗೆ ಬಲ ಬರಲಿ, ಅತ್ತೆಯ ನಗು ಹಾಗೇ ಇರಲಿ, ದೊಡ್ಡಿ ತುಂಬಿರಲಿ. ನನ್ನ ತಲೆಯ ಮೇಲೆ ನಿಮ್ಮ ಕೈ ಇರಲಿ.

ನಿಮ್ಮ ಮನೆಯ ಮಗಳು,
ಝಿಬುಯಿಲೆ

ವಿ.ಸೂ.: ಈ ಹಾಳೆಯನ್ನು ಬೇರೆ ಮಡಿಸಿದ್ದೇನೆ. ನೊಕ್ವಾಝಿ ಓದುವುದು ಬೇಡ. ಕನ್ನಡಕ ಹಾಕಿಕೊಂಡು ನಿಧಾನವಾಗಿ ನೀವೇ ಓದಿ.

ನಾನು ಹುಟ್ಟುವ ಮೊದಲೇ ಅಪ್ಪ ಗಣಿ ಕುಸಿದು ಸತ್ತರು ಎಂದು ಹೇಳಿದ್ದಿರಿ. ಅಪ್ಪ ತೀರಿಕೊಂಡದ್ದು ಹೋದ ವರ್ಷದ ಚಳಿಯಲ್ಲಿ, ತಮ್ಮದೇ ಮನೆಯಲ್ಲಿ. ನಾನು ಚಿಕ್ಕವಳಿದ್ದಾಗ ಮೂರು ಸಲ ನನ್ನನ್ನು ನೋಡಲು ಬಂದಿದ್ದರಂತೆ. ಮೂರು ಸಲವೂ ನೀವು ದೊಡ್ಡಿಯ ಹತ್ತಿರವೇ ತಡೆದು ವಾಪಸು ಕಳಿಸಿದಿರಂತೆ. ಚಿಕ್ಕಪ್ಪ ಇದನ್ನು ಬಂದ ಮೊದಲ ದಿನವೇ ಹೇಳಿದರು. ಮೈಕಿನ ಮುಂದೆ ನಿಂತಾಗ ನನಗೆ ಎಲ್ಲವೂ ಗೊತ್ತಿತ್ತು. ಗೊತ್ತಿದ್ದೂ ನಿಮ್ಮ ಹೆಸರು ಹೇಳಿದೆ, ಮನಸಾರೆ ಹೇಳಿದೆ. ಆದರೆ ಕ್ಷಮಿಸಿದ್ದೇನೆ ಎಂದು ತಿಳಿಯಬೇಡಿ, ಅದು ಇನ್ನೂ ನನ್ನಿಂದ ಆಗಿಲ್ಲ.

ಯಾಕೆ ಹಾಗೆ ಮಾಡಿದಿರಿ ಎಂದು ಕೇಳುವುದಿಲ್ಲ. ಚಿಕ್ಕಪ್ಪ ಮೂರು ಸಲವೂ ರಸ್ತೆಯಲ್ಲೇ ನಿಂತಿದ್ದರಂತೆ, ಮಾತು ಅವರಿಗೆ ಕೇಳಿಸಲಿಲ್ಲವಂತೆ. ಕೇಳಿಸಿಕೊಂಡವರು ನೀವೊಬ್ಬರೇ. ಕ್ರಿಸ್‌ಮಸ್ಸಿಗೆ ನಾನು ಊರಿಗೆ ಬಂದಾಗ ಅದೊಂದನ್ನು ಹೇಳಿ, ಮಾವ. ಅಪ್ಪ ಏನೆಂದು ಕೇಳಿದರು? ನನ್ನ ಹೆಸರು ಅವರಿಗೆ ಗೊತ್ತಿತ್ತೇ?