ಡೆನ್ಜಿಲ್ ಓದದೆ ಬಿಟ್ಟ ಹೆಸರು

ಕುಮ್‌ಹೆಲಿಗ್, ವೇಲ್ಸ್
ನವೆಂಬರ್ 9, ಭಾನುವಾರ

ಪ್ರೀತಿಯ ಟೆಗ್ವೆನ್ ಅಕ್ಕಾ,

ಈಗ ಸಂಜೆ ನಾಲ್ಕೂವರೆ, ಆಗಲೇ ದೀಪ ಹಾಕಿದ್ದೇನೆ. ಬೆಳಿಗ್ಗೆ ಯುದ್ಧ ಸ್ಮಾರಕದ ಹತ್ತಿರ ಹೋಗಿ ಬಂದೆ, ಮಧ್ಯಾಹ್ನ ಡೆನ್ಜಿಲ್ ಬಂದಿದ್ದ, ಅವನು ಹೋದ ಮೇಲೆ ಇದನ್ನು ಬರೆಯಲು ಕೂತೆ. ಮೊದಲು ನಿನ್ನ ಮಂಡಿ ಹೇಗಿದೆ ಹೇಳು. ಅಡಿಲೇಡ್‌ನಲ್ಲಿ ಬಿಸಿಲು ಶುರುವಾಗಿರಬೇಕು, ಬಿಸಿಲು ಬಂದರೆ ನೋವು ಕಡಿಮೆ ಎಂದು ಹೋದ ವರ್ಷ ನಿನ್ನ ಮಗಳ ಮದುವೆಗೆ ನಾನು ಬಂದಾಗ ನೀನೇ ಹೇಳಿದ್ದೆ. ಭಾವ ಕೆಮ್ಮಿಗೆ ಔಷಧಿ ತೆಗೆದುಕೊಳ್ಳುತ್ತಿದ್ದಾರೆ ತಾನೆ? ನಾನು ಚೆನ್ನಾಗಿಯೇ ಇದ್ದೇನೆ. ನಿನಗೆ ಮಾತು ಕೊಟ್ಟ ಹಾಗೆ ದಿನಕ್ಕೊಂದು ಹೊತ್ತು ಬಿಸಿ ಅಡುಗೆ ಮಾಡುತ್ತೇನೆ. ಆದರೆ ಇಡ್ವಲ್ ತೀರಿಕೊಂಡು, ಗಂಡನಿಲ್ಲದ ಮನೆಯಲ್ಲಿ ಒಂಬತ್ತು ತಿಂಗಳು ಕಳೆದರೂ ಒಬ್ಬಳಿಗೆ ಎಷ್ಟು ಆಲೂಗಡ್ಡೆ ಸಾಕು ಎನ್ನುವುದು ನನ್ನ ಕೈಗೆ ಇನ್ನೂ ಬಂದಿಲ್ಲ. ಅವನ ಪಾಲು ಮಿಗುತ್ತದೆ, ಮಾರನೆಯ ದಿನ ಅದನ್ನೇ ಹುರಿದು ತಿನ್ನುತ್ತೇನೆ.

ಡೆನ್ಜಿಲ್ ನಿನಗೆ ನೆನಪಿರಬೇಕು. ಇಡ್ವಲ್‌ನ ಜೊತೆ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವನು, ಈಗ ನಮ್ಮ ಪೈ ತಿನಿಸಿನ ಕಾರ್ಖಾನೆಯಲ್ಲಿ ಹಿಟ್ಟು ಕಲಸುವ ಕಡೆ ಇದ್ದಾನೆ. ಪ್ರತಿ ವರ್ಷ ಯುದ್ಧ ಸ್ಮರಣೆಯ ಈ ಭಾನುವಾರ, ಬೆಳಿಗ್ಗೆ ಹನ್ನೊಂದಕ್ಕೆ ಎರಡು ನಿಮಿಷದ ಮೌನ ಮುಗಿದ ಮೇಲೆ ಸತ್ತ ಸೈನಿಕರ ಹೆಸರು ಓದುವವನು ಅವನೇ, ಅವನಿಗಿಂತ ಮೊದಲು ಅವನ ಅಪ್ಪ ಓದುತ್ತಿದ್ದರು. ನಲವತ್ತೊಂದು ಹೆಸರು, ಅವರಿದ್ದ ಬೀದಿಯ ಪ್ರಕಾರ, ಮೇಲಿನ ಬೀದಿಯಿಂದ ಶುರು. ಈ ವರ್ಷ ಇನ್ನೊಂದು ಹೆಸರು ಸೇರಿತ್ತು. ಮಿಸೆಸ್ ಪ್ರಾಸರ್ ಇದ್ದಾರಲ್ಲ, ಎಂಬತ್ತೆಂಟು ವರ್ಷ ಅವರಿಗೆ, ಅವರ ದೊಡ್ಡಪ್ಪ ಮೊದಲ ಮಹಾಯುದ್ಧ ಮುಗಿದ ಮೇಲೆ ಗಾಯದಿಂದ ಸತ್ತದ್ದರಿಂದ ಕಲ್ಲಿನ ಮೇಲೆ ಹೆಸರು ಕೆತ್ತಿರಲಿಲ್ಲ. ಎರಡು ವರ್ಷ ಅಲೆದು ಅದು ಸೇರುವಂತೆ ಮಾಡಿದರು. ಸಮಿತಿಯವರು ಪಟ್ಟಿಯನ್ನು ಹೊಸದಾಗಿ, ಅಕ್ಷರದ ಕ್ರಮದಲ್ಲಿ ಟೈಪು ಮಾಡಿಸಿದ್ದರು. ಡೆನ್ಜಿಲ್ ಆ ಹೊಸ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, ಪ್ರತಿ ವರ್ಷದಷ್ಟೇ ಗಂಭೀರವಾದ ದನಿಯಲ್ಲಿ, ಹಳೆಯ ನಲವತ್ತೊಂದು ಹೆಸರನ್ನು ಹಳೆಯ ಬೀದಿಗಳ ಕ್ರಮದಲ್ಲೇ ಹೇಳಿ ಮುಗಿಸಿದ. ಪಕ್ಕದಲ್ಲಿ ನಿಂತಿದ್ದ ನನಗೆ ಹಾಳೆ ಕಾಣುತ್ತಿತ್ತು. ಅವನ ಕಣ್ಣು ಅದರ ಮೇಲೆ ಒಂದು ಸಲವೂ ಆಡಲಿಲ್ಲ. ಮಿಸೆಸ್ ಪ್ರಾಸರ್ ಕಂಬಿ ಹಿಡಿದು ನಿಂತವರು ಕೊನೆಯ ತುತ್ತೂರಿ ಊದಿ ಮುಗಿದ ಮೇಲೂ ಆ ಹೆಸರಿಗಾಗಿ ಕಾದರು. ಆಮೇಲೆ ನಿಧಾನವಾಗಿ ಬಂದು, "ನೂರು ವರ್ಷ ಕಲ್ಲು ಬಿಟ್ಟಿತ್ತು, ಇವತ್ತು ನೀನೂ ಬಿಟ್ಟೆಯಲ್ಲೋ ಡೆನ್ಜಿಲ್" ಅಂದರು. ಕನ್ನಡಕ ಮರೆತು ಬಂದೆ ಎಂದು ಅವನು ಹೇಳಿದ. ಅವನಿಗೆ ಕನ್ನಡಕವೇ ಇಲ್ಲ ಅಕ್ಕಾ.

ಅವನಿಗೆ ಓದು ಬರುವುದಿಲ್ಲ. ಚಿಕ್ಕಂದಿನಲ್ಲಿ ನಾವೆಲ್ಲ ಚಾಪೆಲ್ ಪ್ರಾರ್ಥನಾಮಂದಿರದಲ್ಲಿ ಭಾನುವಾರಕ್ಕೊಂದು ಬೈಬಲ್ ವಚನ ಒಪ್ಪಿಸುತ್ತಿದ್ದೆವಲ್ಲ, ನೀನು ಯಾವಾಗಲೂ ಅತಿ ಚಿಕ್ಕದನ್ನೇ ಹುಡುಕುತ್ತಿದ್ದೆ. ಡೆನ್ಜಿಲ್ ಇಡೀ ಪುಟ ಹೇಳುತ್ತಿದ್ದ. ಅವನ ತಾಯಿ ಒಲೆಯ ಮುಂದೆ ಎರಡು ಸಲ ಓದಿ ಹೇಳಿದರೆ ಸಾಕಿತ್ತು, ಹಾಗಾಗಿ ಊರಿಗೆ ಊರೇ ಅವನನ್ನು ಒಳ್ಳೆಯ ಓದುಗಾರ ಎಂದು ನಂಬಿದೆ. ಬೇಸಿಗೆಯಲ್ಲಿ ಕಾಲೇಜಿನವರು ನಮ್ಮ ಕ್ಯಾಂಟೀನಿನಲ್ಲಿ ಅಗತ್ಯ ಕೌಶಲ್ಯದ ತರಗತಿ ನಡೆಸಿದರು, ದೊಡ್ಡವರಿಗೆ ಓದು, ಬರಹ, ಲೆಕ್ಕ. ಯೂನಿಯನ್ ಕಡೆಯಿಂದ ಜನ ಸೇರಿಸುವ ಕೆಲಸಕ್ಕೆ ನಾನು ಹೆಸರು ಕೊಟ್ಟಿದ್ದೆ. ಈ ದುಃಖದಲ್ಲಿ ಅದೆಲ್ಲ ಯಾಕೆ ಎಂದು ನೀನು ಫೋನಿನಲ್ಲಿ ಕೇಳಿದ್ದೆ, ನಾನು ಮಾತು ಬದಲಿಸಿದೆ. ಡೆನ್ಜಿಲ್‌ನನ್ನು ಒಪ್ಪಿಸಲು ನನಗೆ ಒಂದು ತಿಂಗಳು ಹಿಡಿಯಿತು.

ಕೆರಿಸ್ ಎನ್ನುವ ಹುಡುಗಿ ಪಾಠ ಮಾಡಲು ಬರುತ್ತಿದ್ದಳು. ಒಳ್ಳೆಯ ಟೀಚರ್. ಪುಸ್ತಕ ಬದಿಗಿಟ್ಟು ಅವನ ಕೆಲಸದ ಪದಗಳಿಂದಲೇ ಶುರು ಮಾಡಿದಳು, ಒಂದೊಂದು ಪದಕ್ಕೆ ಒಂದೊಂದು ರಟ್ಟಿನ ಚೀಟಿ. ಐದನೇ ವಾರ ಡೆನ್ಜಿಲ್ ನನ್ನ ಪ್ಯಾಕಿಂಗ್ ಸಾಲಿಗೆ ಬಂದು, ಕೈತುಂಬ ಹಿಟ್ಟು ಮಾಡಿಕೊಂಡೇ ನನ್ನ ತೋಳು ಹಿಡಿದು ಎಳೆದುಕೊಂಡು ಹೋಗಿ, ಒಂದು ಚೀಲದ ಮೇಲೆ ಬೆರಳಿಟ್ಟು "ಉಪ್ಪು" ಅಂದ. ಐವತ್ತಾರನೇ ವಯಸ್ಸಿನಲ್ಲಿ ಅವನು ತಾನಾಗಿ ಓದಿದ ಮೊದಲ ಪದ ಅದು. ಆದರೆ ತರಗತಿ ಇದ್ದದ್ದು ಎಂಟೇ ವಾರ, ಕೊನೆಯ ಮೂರು ವಾರ ಪರೀಕ್ಷೆಯ ಹಾಳೆಗಳಿಗೇ ಹೋಯಿತು. ಸೇರಿದವರೆಲ್ಲ ಪಾಸಾಗದಿದ್ದರೆ ಮುಂದಿನ ತರಗತಿಯೂ ಇಲ್ಲ, ಅವಳ ಕೆಲಸವೂ ಇಲ್ಲ ಎಂದು ಮೇಲಿನವರು ಹೇಳಿದ್ದರಂತೆ. "ಎಂಟು ವಾರಕ್ಕೆ ಓದು ಬರಲ್ಲ ಐರ್ಲಿಸ್, ಹಾಳೆ ತುಂಬುತ್ತೆ ಅಷ್ಟೆ" ಎಂದು ಒಂದು ದಿನ ಸಿಂಕಿನ ಹತ್ತಿರ ಕಪ್ಪು ತೊಳೆಯುತ್ತಾ ಹೇಳಿದಳು. ಹಾಳೆ ತುಂಬಿಸಿದವಳು ನಾನು. ಉತ್ತರಗಳನ್ನು ಬರೆದುಕೊಟ್ಟೆ, ಅವನು ನೋಡಿ ನೋಡಿ ಇಳಿಸಿದ. ಗಟ್ಟಿಯಾಗಿ ಓದಬೇಕಾದ ಪುಟವನ್ನು ಹಿಂದಿನ ಸಂಜೆ ಮೂರು ಸಲ ಓದಿ ಹೇಳಿದೆ. ಮಾರನೆಯ ದಿನ ಅವನು ಕಿಟಕಿಯ ಕಡೆ ನೋಡುತ್ತಾ ಪುಟವನ್ನು ಪೂರ್ತಿ ಹೇಳಿದ, ಕೆರಿಸ್ ತಲೆ ಎತ್ತದೆ ಗುರುತು ಹಾಕಿದಳು. ಮೂವರಿಗೂ ಗೊತ್ತಿತ್ತು. ಉಪಕಾರ ಮಾಡುತ್ತಿದ್ದೇನೆ ಎಂದೇ ನಾನು ತಿಳಿದಿದ್ದೆ. ಕೆರಿಸ್‌ಳನ್ನು ಜುಲೈಗೆ ಹೇಗಿದ್ದರೂ ತೆಗೆದುಹಾಕಿದರು, ತರಗತಿ ಮತ್ತೆ ನಡೆಯಲಿಲ್ಲ.

ಈಗ ಆ ಪರೀಕ್ಷೆ ಪಾಸಾದ ಸರ್ಟಿಫಿಕೇಟ್ ನೋಡಿ ನಾಳೆಯಿಂದ ಡೆನ್ಜಿಲ್‌ನನ್ನು ಚಿಕ್ಕ ಉಗ್ರಾಣಕ್ಕೆ ಹಾಕಿದ್ದಾರೆ. ಕೆಲವರ ಮೈಗೆ ಆಗದ, ಜೀವಕ್ಕೇ ಕುತ್ತಾಗಬಲ್ಲ ಸಾಮಾನುಗಳನ್ನು, ಸಾಸಿವೆ, ಎಳ್ಳು, ಬಾದಾಮಿ ಪುಡಿ, ಹಾಲಿನ ಪುಡಿ, ಇವನ್ನೆಲ್ಲ ಬೇರೆಯಾಗಿ ಇಡುವ ಕೋಣೆ ಅದು. ಒಬ್ಬನೇ ಇದ್ದು, ಚೀಟಿ ಓದಿ, ತೂಗಿ ಕಳಿಸಬೇಕು. ಮೊದಲು ಚೀಲಗಳಿಗೆ ಬಣ್ಣದ ಪಟ್ಟಿ ಇರುತ್ತಿತ್ತು. ಈಗ ಬರುವ ಚೀಲಗಳೆಲ್ಲ ಒಂದೇ ಕಂದು, ಅಕ್ಷರ ಬಿಟ್ಟರೆ ಬೇರೆ ಗುರುತಿಲ್ಲ. ಬಾದಾಮಿ ಆಗದವರ ತಟ್ಟೆಗೆ ಬಾದಾಮಿ ಹೋದರೆ ಏನಾಗುತ್ತದೆ ಎಂದು ನಿನಗೆ ಬರೆಯಬೇಕಾಗಿಲ್ಲ. ಶುಕ್ರವಾರ ನಾನು ಮ್ಯಾನೇಜರ್ ಗೆಥಿನ್ ಹತ್ತಿರ ಹೋಗಿ, ಸ್ವಲ್ಪ ದಿನ ಅವನ ಜೊತೆ ಯಾರಾದರೂ ಇರಲಿ ಎಂದು ಕೇಳಿದೆ, ಕಾರಣ ಹೇಳಲಿಲ್ಲ. ಗೆಥಿನ್ ಒರಟು ಮನುಷ್ಯನಲ್ಲ. "ಅವರ ಸರ್ಟಿಫಿಕೇಟ್ ಗೋಡೆ ಮೇಲಿದೆ, ಮೊಳೆ ಹೊಡೆದವರು ನೀವೇ ಅಲ್ವಾ?" ಎಂದು ನಕ್ಕ. ನಾನೇ ಹೌದು. ತರಗತಿ ಮತ್ತೆ ನಡೆಸಿ ಎಂದು ಕಾಲೇಜಿಗೆ ಫೋನು ಮಾಡಿದೆ, ಹತ್ತು ಜನ ಸೇರಿದರೆ ಮುಂದಿನ ವರ್ಷ ನೋಡೋಣ ಎಂದರು.

ಇವತ್ತು ಮಧ್ಯಾಹ್ನ ಡೆನ್ಜಿಲ್ ಕೋಟು ಕೂಡ ಬಿಚ್ಚದೆ ಕೂತ. ಚಹಾ ಕೊಟ್ಟೆ, ಒಣದ್ರಾಕ್ಷಿಯ ಬಾರಾ ಬ್ರಿತ್ ಬ್ರೆಡ್ಡಿಗೆ ಬೆಣ್ಣೆ ಸವರಿ ಕೊಟ್ಟೆ, ಒಂದು ಹೋಳನ್ನೂ ಮುಗಿಸಲಿಲ್ಲ. ಮಿಸೆಸ್ ಪ್ರಾಸರ್ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ ಎಂದ. ಗೆಥಿನ್‌ಗೆ ನೀನೇ ಹೇಳು, ಮತ್ತೆ ಹಿಟ್ಟಿನ ಕಡೆ ಕಳಿಸುತ್ತಾನೆ, ನೀನು ಹೇಳದಿದ್ದರೆ ನಾನು ಹೇಳಬೇಕಾಗುತ್ತದೆ ಎಂದೆ. ಹೇಳಿದರೆ ನಾಳೆ ಕ್ಯಾಂಟೀನಿಗೆಲ್ಲ ಗೊತ್ತಾಗುತ್ತದೆ, ನಾಡಿದ್ದು ಊರಿಗೆ, ಆಮೇಲೆ ಸ್ಮಾರಕದ ಹತ್ತಿರ ಹೇಗೆ ನಿಲ್ಲಲಿ ಎಂದು ಕೇಳಿದ. "ಮೂರು ದಿನ ಸಾಕು ಕಣೆ, ಯಾವ ಚೀಲ ಎಲ್ಲಿದೆ ಅಂತ ಬಾಯಿಪಾಠ ಮಾಡ್ಕೋತೀನಿ." "ಯಾರಾದ್ರೂ ಬೇರೆ ಕಡೆ ಎತ್ತಿಟ್ರೆ?" ಎಂದೆ. ಅವನು ಜೇಬಿನಿಂದ ಕೆರಿಸ್ ಬರೆದುಕೊಟ್ಟ ಉಪ್ಪಿನ ಚೀಟಿ ತೆಗೆದ, ಅಂಚೆಲ್ಲ ಸವೆದಿತ್ತು, ಸುಮ್ಮನೆ ನೋಡಿ ಮತ್ತೆ ಒಳಗಿಟ್ಟ. ಇನ್ನೊಂದು ವರ್ಷ ಆ ಹುಡುಗಿ ಬಂದಿದ್ದರೆ ಇವನು ಓದುತ್ತಿದ್ದ ಅಕ್ಕಾ, ನಿಜವಾಗಿ ಓದುತ್ತಿದ್ದ. ಹೋಗುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಕೇಳಿದ, ಅದನ್ನು ಬರೆಯಲು ಮನಸ್ಸಿಲ್ಲ. ಏನು ಮಾಡಲಿ ಎಂದು ನಿನ್ನನ್ನು ಕೇಳಬೇಕೆನಿಸುತ್ತದೆ, ಆದರೆ ಇದು ನಿನ್ನ ಕೈಗೆ ಬರುವಷ್ಟರಲ್ಲಿ ಎರಡು ವಾರ ಕಳೆದಿರುತ್ತದೆ. ಫೋನಿನಲ್ಲಿ ನನಗೆ ಇಂಥದ್ದು ಹೇಳಲು ಬರುವುದಿಲ್ಲ.

ಭಾವನಿಗೆ, ಮದುಮಗಳಿಗೆ, ಅವಳ ಗಂಡನಿಗೆ ನಾನು ನೆನೆದೆ ಎಂದು ಹೇಳು. ಮೆಟ್ಟಿಲು ಜಾಸ್ತಿ ಹತ್ತಬೇಡ.

ನಿನ್ನ ತಂಗಿ,
ಐರ್ಲಿಸ್

ಲಕೋಟೆ ಅಂಟಿಸುವ ಮೊದಲು: ಬಾಗಿಲಲ್ಲಿ ಡೆನ್ಜಿಲ್ ಕೇಳಿದ್ದು ಇದು. "ಇಡ್ವಲ್ ವಿಷಯ ಮೂವತ್ತೊಂದು ವರ್ಷ ಯಾರಿಗೂ ಬಾಯಿ ಬಿಡಲಿಲ್ಲ ನೀನು. ನನ್ನದನ್ನ ಯಾಕೆ ಬಿಡ್ತೀಯ?" ಇಡ್ವಲ್‌ಗೂ ಓದಲು ಬರುತ್ತಿರಲಿಲ್ಲ ಅಕ್ಕಾ. ತಿಂಡಿಯ ಹೊತ್ತಿಗೆ ನಾನು ಪೇಪರು, ಅಂಚೆ ಎಲ್ಲವನ್ನೂ ಅವನಿಗೆ ಗಟ್ಟಿಯಾಗಿ ಓದುತ್ತಿದ್ದುದನ್ನು ನೋಡಿ ನೀವೆಲ್ಲ ತಮಾಷೆ ಮಾಡುತ್ತಿದ್ದಿರಿ, ಕಾರಣ ಅದು. ನಾನು ಮದುವೆಗೆಂದು ನಿಮ್ಮಲ್ಲಿದ್ದ ಮೂರು ವಾರದಲ್ಲಿ ಅವನಿಗೆ ಆಸ್ಪತ್ರೆಯಿಂದ ಪತ್ರ ಬಂದಿತ್ತು, ಹನ್ನೆರಡನೇ ತಾರೀಕು ಪರೀಕ್ಷೆಗೆ ಬರಬೇಕೆಂದು. ಪತ್ರ ಏನಾದರೂ ಬಂತಾ ಎಂದು ಫೋನಿನಲ್ಲಿ ಕೇಳಿದ್ದೆ. ನನ್ನ ರಜೆ ಕೆಡಬಾರದೆಂದು ಏನೂ ಇಲ್ಲ ಅಂದ. ವಾಪಸು ಬಂದಾಗ ಅದು ಬ್ರೆಡ್ ಡಬ್ಬದ ಹಿಂದೆ ಬಿಚ್ಚದೆ ಇತ್ತು, ಆ ತಾರೀಕು ಕಳೆದಿತ್ತು. ಇನ್ನೊಂದು ದಿನ ಸಿಗುವಷ್ಟರಲ್ಲಿ ಜನವರಿ ಬಂತು, ಕಾಯಿಲೆ ಕೈಮೀರಿತ್ತು. ನೀನು ಮದುವೆಯನ್ನು ನೆನೆದಾಗಲೆಲ್ಲ ಅಳಬಾರದೆಂದು ಇದನ್ನು ಹೇಳಿರಲಿಲ್ಲ, ಈಗಲೂ ಅಳಬೇಡ, ನಿನ್ನ ತಪ್ಪಲ್ಲ.  ನಾಳೆ ಡೆನ್ಜಿಲ್‌ನ ಪಾಳಿ ಬೆಳಿಗ್ಗೆ ಆರಕ್ಕೆ ಶುರು, ಗೆಥಿನ್ ಐದೂಮುಕ್ಕಾಲಿಗೇ ಬಂದಿರುತ್ತಾನೆ. ನನ್ನ ಪಾಳಿ ಮಧ್ಯಾಹ್ನ ಎರಡಕ್ಕೆ. ಗೆಥಿನ್ ಹತ್ತಿರ ಮಾತಾಡಲು ಆ ಹದಿನೈದು ನಿಮಿಷ ಸಾಕು, ನಾನು ಐದೂಕಾಲಿನ ಬಸ್ಸಿಗೆ ಹೋಗುತ್ತೇನೆ.