ಮೇಲಿನ ಮನೆಯ ಸದ್ದು

ಜೂನ್ 10, ಮಂಗಳವಾರ

ಮುನ್ನೂರು ಬೀಡಿ ಮುಗಿದವು, ಇನ್ನೂ ಏಳ್ನೂರು. ಮೇಲಿನ ಮನೆಯಲ್ಲಿ ಮತ್ತೆ ಧಪ್ ಧಪ್. ಎದುರು ಮನೆಯ ಭೂಪಾಲ ಬಂದ, ಮುಖ ಕೆಂಪಗೆ.

“ಬೇಗಂಬಿ ಅಕ್ಕಾ, ಇದ ಅಪಾರ್ಟಮೆಂಟೋ ಏನ್ ಗಿರಣಿನೋ? ಅರ್ಜಿ ಬರದೇನಿ, ಸಹಿ ಮಾಡ್ರಿ.”

ಮಾಡಲಿಲ್ಲ. ಮೇಲಿನ ಪೂನಮ ನನ್ನಂತೆಯೇ ಬೀಡಿ ಕಟ್ಟುವವಳು. ನೆನೆಸಿದ ಎಲೆಯ ಕಟ್ಟನ್ನು ನೆಲಕ್ಕೆ ಬಡಿದು ನೀರು ಝಾಡಿಸಬೇಡವೇ?

“ಎಲಿ ಬಡ್ಯಾಕತ್ತಾಳ. ನಿಪ್ಪಾಣ್ಯಾಗ ಇದ್ದು ಇಷ್ಟೂ ಗೊತ್ತಿಲ್ಲೇನ್ರಿ?”

ಬಾಯಿ ಮುಚ್ಚಿಸಿ ಕಳಿಸಿದೆ. ಭಾರೀ ಖುಷಿಯಾಯಿತು.

ಜೂನ್ 13, ಶುಕ್ರವಾರ

ಕಾರ್ಖಾನೆಗೆ ಎಲೆ ಬಂದಿಲ್ಲ. ಒಂದು ವಾರ ಯಾರಿಗೂ ಕೆಲಸವಿಲ್ಲವಂತೆ. ಸುಮ್ಮನೆ ಕೂತು ರೂಢಿಯಿಲ್ಲ... ಭಾಂಡೆ ಎಲ್ಲ ತಿಕ್ಕಿಟ್ಟೆ.

ಜೂನ್ 16, ಸೋಮವಾರ. ಮಧ್ಯಾಹ್ನ 3

ಮೇಲೆ ಧಪ್. ಮತ್ತೆ ಧಪ್.

ಊರಲ್ಲಿ ಯಾರ ಮನೆಯಲ್ಲೂ ಎಲೆ ಇಲ್ಲ. ಅವಳಿಗೆಲ್ಲಿಂದ ಬಂತು?

ಯಾ ಅಲ್ಲಾ. ಬಡಿಯುತ್ತಿರುವುದು ಎಲೆಯನ್ನಲ್ಲ, ಅವಳನ್ನು. ಗಂಡ ಸಮಾಧಾನನದು ರಾತ್ರಿ ಪಾಳಿ, ಹಗಲೆಲ್ಲ ಮನೆಯಲ್ಲೇ. ಎಷ್ಟು ದಿನದಿಂದಲೋ! ಕೇಳಿದವರ ಬಾಯಿ ಮುಚ್ಚಿಸಿದವಳು ನಾನೇ. ನಾಚಿಕೆ. ನನ್ನ ಮೇಲೇ ಸಿಟ್ಟು.

3.40

ಮೇಲೆ ಹೋಗಿ ಬಂದೆ. ಸಮಾಧಾನನೇ ಬಾಗಿಲು ಅರ್ಧ ತೆರೆದ.

“ಪೂನಮ ಕಡೆ ನನ್ನ ಕತ್ತರಿ ಐತಿ, ಒಯ್ಯಾಕ ಬಂದೇನಿ.”

“ಮಲಗ್ಯಾಳ್ರಿ.”

ಎಲ್ಲಿ ಮಲಗಿದ್ದಳು? ಅವನ ಹಿಂದೆಯೇ ನಿಂತಿದ್ದಳು. ತುಟಿ ಒಡೆದಿತ್ತು.

ನಮ್ಮ ಮನೆಯವರದು ಒಂದೇ ಮಾತು — “ಗಂಡ ಹೆಂಡ್ತಿ ಜಗಳ. ನಮಗ್ಯಾಕ ಉಸಾಬರಿ?”

“ನನಗ ಬೇಕ್ರಿ” ಅಂದೆ. ಭೂಪಾಲನಿಗೂ ಹೋಗಿ ಎಲ್ಲ ಹೇಳಿದೆ, ತಪ್ಪಾಯಿತು ಅಂತಲೂ.

ಜೂನ್ 17, ಮಂಗಳವಾರ. ಬೆಳಿಗ್ಗೆ 10

ಎಂಟರಿಂದ ಅವರ ಬಾಗಿಲ ಮುಂದೆ, ಮೆಟ್ಟಿಲ ಮೇಲೆ ಕೂತಿದ್ದೇನೆ. ಬರೆಯುತ್ತಿರುವುದೂ ಇಲ್ಲೇ. ಭೂಪಾಲ ಕುರ್ಚಿ ತಂದುಕೊಂಡ. ಸಮಾಧಾನ ಹೊರಗೆ ಬಂದು ಕಣ್ಣು ಬಿಟ್ಟ.

“ಮನ್ಯಾಗ ಕೆಲಸಿಲ್ಲೇನ್ರಿ?”

“ಎಲಿ ಬರೂತನಾ ಇಲ್ಲಪಾ. ಆರಾಮ ಕುಂತೇನಿ.”

ಏಳುವುದಿಲ್ಲ. ಏನು ಮಾಡುತ್ತಾನೆ ನೋಡೋಣ.

11.20

ಧಪ್. ಈ ಸಲ ಚೀರಿದಳು. 112ಕ್ಕೆ ಫೋನ್ ಮಾಡಿದೆ. ಭೂಪಾಲ ಬಾಗಿಲು ಬಡಿಯುತ್ತಿದ್ದಾನೆ —

12.10

ಪೊಲೀಸರು ಬಂದಿದ್ದಾರೆ. ಅವನು ಕೆಳಗೆ ಜೀಪಿನ ಹತ್ತಿರ ಕೂಗಾಡುತ್ತಿದ್ದಾನೆ. ಪೂನಮ ನಮ್ಮ ಮನೆಯಲ್ಲಿ.

ಲೇಡಿ ಕಾನ್‌ಸ್ಟೇಬಲ್ ಕೇಳಿದಳು — “ಕಂಪ್ಲೇಂಟ್ ಕೊಡ್ತಿಯೇನ ತಂಗಿ?”

ಪೂನಮ ಸೆರಗಿನಿಂದ ತುಟಿ ಒರೆಸಿಕೊಂಡಳು. ಇಲ್ಲ ಅಂದರೆ ಸಂಜೆಗೆ ಮತ್ತೆ ಅದೇ ಬಾಗಿಲು, ಅದೇ ಕೈ. ಬಾಯಿ ಬಿಟ್ಟರೆ ಅತ್ತುಬಿಡುತ್ತೇನೆ ಅಂತ ಬರೆಯುತ್ತಾ ಕೂತಿದ್ದೇನೆ.

ಈಗ ಪೂನಮ ನನ್ನ ಕಡೆ ತಿರುಗಿದಳು.

“ಚಾಚಿ, ಪೆನ್ ಕೊಡ್ರಿ. ನಾನ ಬರೀತೇನಿ.”

ಮನೆಯಲ್ಲಿರುವ ಪೆನ್ ಇದೊಂದೇ —